ಕ್ಲಿಪ್ಪು ಹಾಕಿದ ಕೊನೆಯ ಪುಟಗಳು

ತಾರಸಿಯ ಮೇಲೆ ಆಸ್ಪತ್ರೆಯ ಬಿಳಿ ಚಾದರಗಳು ಒಣಗುವಾಗ ಅವುಗಳ ನಡುವೆ ಕೂತವರಿಗೆ ಊರು ಕಾಣುವುದಿಲ್ಲ. ಗಾಳಿ ಬಂದರೆ ಆ ಬಟ್ಟೆಯ ಗೋಡೆಗಳು ಉಬ್ಬುತ್ತವೆ, ಇಲ್ಲದ ಬಾಗಿಲೊಂದು ತೆರೆದು ಮುಚ್ಚುತ್ತದೆ, ಬಿಸಿಲು ಸೋಸಿದಂತೆ ಮೆಲ್ಲಗೆ ಒಳಗಿಳಿಯುತ್ತದೆ. ಲಾಂಡ್ರಿಯವಳ ಮಗಳು ಅಲ್ಲೇ ಕೂತು ಓದುತ್ತಿದ್ದಳು. ಓದುತ್ತಿದ್ದಳು ಎನ್ನುವುದು ಅವಳಮ್ಮನ ನಂಬಿಕೆ, ನಾವ್ಯಾಕೆ ಕೆಡಿಸೋಣ. ಕ್ಲಾಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮೋಡ ಎಂದು. ಪುಸ್ತಕದ ಮೇಲೆ ಕಣ್ಣಿಟ್ಟು ಎಲ್ಲೆಲ್ಲೋ ತೇಲಿ ಬರುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ರಸಾಯನಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದಾಗಿತ್ತು. ಮೂರನೆಯ ಸಲಕ್ಕೆ ಇನ್ನು ನಾಲ್ಕೇ ದಿನ. ಪಾಸಾದರೆ ಫಾರ್ಮಸಿ ಕೋರ್ಸಿಗೆ ಸೇರಬಹುದು. ಆಗದಿದ್ದರೆ ಪುಸ್ತಕ ಕಟ್ಟಿಟ್ಟು ಇಸ್ತ್ರಿ ಹಿಡಿಯುತ್ತೇನೆ ಎಂದು ಅವಳೇ ಅಮ್ಮನಿಗೆ ಮಾತು ಕೊಟ್ಟಿದ್ದಳು. ಅಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅದೇ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಲೆಕ್ಕ ಹೇಳಿಕೊಡಲು ದಿನಾ ಮಧ್ಯಾಹ್ನ ಬರುತ್ತಿದ್ದವಳು ಪಂಡಿತೆ. ಅದೂ ಕ್ಲಾಸಿನವರೇ ಕಟ್ಟಿದ ಹೆಸರು. ಅವಳು ಬಿಡಿಸದ ಲೆಕ್ಕವೇ ಇರಲಿಲ್ಲ. ಆದರೂ ಪರೀಕ್ಷೆಯಲ್ಲಿ ಮಾತ್ರ ಯಾಕೋ ಅಂಕ ಬೀಳುತ್ತಿರಲಿಲ್ಲ. ಅಂಕ ಹೆಚ್ಚಿಸಿಕೊಳ್ಳಲು ಅವಳೂ ಈ ಸಲ ಬರೆಯುವವಳಿದ್ದಳು.

ಪಂಡಿತೆಯ ಕ್ರಮ ಹೀಗೆ: ಮೊದಲು ಪುಸ್ತಕದ ಕೊನೆಗೆ ಹೋಗಿ ಉತ್ತರ ನೋಡುವುದು, ಆಮೇಲೆ ಅಲ್ಲಿಗೆ ಮುಟ್ಟುವ ಹಾಗೆ ಹಂತಗಳನ್ನು ಬರೆಯುವುದು. "ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿದ್ರೆ ದಾರಿ ಸುಲಭ ಕಣೆ," ಎನ್ನುತ್ತಿದ್ದಳು. ಮೋಡ ಪ್ರತಿ ಸಾಲನ್ನೂ ನಕಲಿಸಿ, "ಸರೀನಾ?" ಎಂದು ಕೇಳುತ್ತಿದ್ದಳು. ಕೇಳದೆ ಅವಳ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ.

ಆ ದಿನ ಬಂದದ್ದು ಆಮ್ಲದ ಲೆಕ್ಕ. ಅರ್ಧ ಮೋಲಾರ್ ಗಟ್ಟಿಯಿರುವ ಆಮ್ಲ ಇನ್ನೂರು ಮಿಲಿಲೀಟರ್. ನೀರು ಬೆರೆಸಿ ಒಂದು ಲೀಟರ್ ಮಾಡಿದರೆ ಈಗೆಷ್ಟು ಗಟ್ಟಿ? ಪಂಡಿತೆ ಕೊನೆಯ ಪುಟ ನೋಡಿ ಬಂದಳು. ಸರಸರನೆ ಗುಣಿಸಿ, ಭಾಗಿಸಿ, ಎರಡೂವರೆ ಎಂದು ಬರೆದು ಕೆಳಗೆ ಗೆರೆ ಎಳೆದಳು.

ಮೋಡ ಚಾದರ ನೋಡುತ್ತಿದ್ದಳು. ಕೆಳಗೆ ಬಟ್ಟೆ ನೆನೆಸುವ ತೊಟ್ಟಿಯ ಬಳಿ ಹತ್ತು ವರ್ಷದವಳಾಗಿ ನಿಂತ ತಾನೇ ಅವಳಿಗೆ ಕಾಣುತ್ತಿದ್ದಳು. ಒಂದು ಮಗ್ ಬ್ಲೀಚು, ನಾಲ್ಕು ಮಗ್ ನೀರು. ಮೊದಲ ಮಗ್ಗಿಗೆ ಕಣ್ಣಲ್ಲಿ ನೀರು, ನಾಲ್ಕನೆಯದಕ್ಕೆ ಬರೀ ವಾಸನೆ.

"ನೀರು ಹಾಕಿದ್ರೆ ಗಟ್ಟಿ ಆಗುತ್ತಾ?" ಎಂದಳು, ಅರೆನಿದ್ದೆಯಲ್ಲಿದ್ದವಳ ಹಾಗೆ.

"ಪುಸ್ತಕದಲ್ಲಿ ಹಾಗೇ ಇದೆ."

"ಪುಸ್ತಕ ಯಾವತ್ತು ಬಟ್ಟೆ ಒಗ್ದಿದೆ ಹೇಳು. ಐದು ಪಟ್ಟು ತೆಳ್ಳಗಾಗ್ಬೇಕು. ಸೊನ್ನೆ ಪಾಯಿಂಟ್ ಒಂದು."

ಪಂಡಿತೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಭಿನ್ನರಾಶಿಯನ್ನು ತಲೆಕೆಳಗೆ ಮಾಡಿ ಬರೆದಳು. ಸೊನ್ನೆ ಪಾಯಿಂಟ್ ಒಂದೇ ಬಂತು. ಕೊನೆಯ ಪುಟದಲ್ಲೇ ತಪ್ಪು ಅಚ್ಚಾಗಿತ್ತು. ಅವಳು ಪೆನ್ನು ಕೆಳಗಿಟ್ಟಳು. ಗಾಳಿ ಬಂದು ಚಾದರಗಳು ಇಬ್ಬರನ್ನೂ ಸವರಿ ಹೋದವು.

"ಹಿಂದಿನ ಉತ್ತರ ನೋಡ್ದೆ ನಂಗೆ ಒಂದೂ ಲೆಕ್ಕ ಬರಲ್ಲ ಕಣೆ," ಎಂದಳು ಕೊನೆಗೆ. "ಅಲ್ಲಿ ಪರೀಕ್ಷೆ ಹಾಲ್‌ನಲ್ಲಿ ಕೈಕಾಲು ತಣ್ಣಗಾಗಿಬಿಡುತ್ತೆ. ನಿಂಗೂ ಅದನ್ನೇ ಕಲಿಸ್ಬಿಟ್ಟೆ."

ಮೋಡಕ್ಕೆ ಕೋಪ ಬರಬೇಕಿತ್ತು. ಬಂದದ್ದು ಗೆಳತಿಯ ಮೇಲೆ ಪ್ರೀತಿ, ತುಂಬ ಪ್ರೀತಿ. ಎದ್ದು ಹಗ್ಗದಿಂದ ಒಂದು ಬಟ್ಟೆ ಕ್ಲಿಪ್ಪು ಕಿತ್ತಳು. ಚಾದರದ ಮೂಲೆ ಜೋತುಬಿತ್ತು. ಉತ್ತರದ ಪುಟಗಳನ್ನೆಲ್ಲ ಒಟ್ಟಿಗೆ ಹಿಡಿದು ಕ್ಲಿಪ್ಪು ಹಾಕಿದಳು. "ಈಗ ಮಾಡು. ನಾನೂ ಮಾಡ್ತೀನಿ."

ಇಬ್ಬರೂ ಮುಂದಿನ ಲೆಕ್ಕವನ್ನು ಬೇರೆ ಬೇರೆ ಹಾಳೆಯಲ್ಲಿ ಮಾಡಿದರು. ಬಿಸಿಲು ಒಂದು ಚಾದರದಿಂದ ಇನ್ನೊಂದಕ್ಕೆ ಸರಿಯಿತು. ಪಂಡಿತೆ ಬೆವರುತ್ತಾ ತನ್ನ ಹಾಳೆಯನ್ನು ಮುಂದೆ ತಳ್ಳಿದಳು.

"ಸರೀನಾ?" ಎಂದು ಕೇಳಿದಳು.

ಇಷ್ಟು ದಿನ ಆ ಪ್ರಶ್ನೆ ಕೇಳಿದವಳು ಮೋಡ. ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳು ಒಂದೊಂದೇ ಸಾಲು ಓದಿದಳು, ಮನಸ್ಸಿನಲ್ಲೇ ತೊಟ್ಟಿಗೆ ನೀರು ಸುರಿದು ನೋಡಿದಳು. ಮೂರನೆಯ ಸಾಲಿನ ತಪ್ಪು ತೋರಿಸಿದಳು. ಉಳಿದದ್ದು ಸರಿ ಎಂದಳು. ಆಮೇಲೆ ತಾರಸಿಯ ಅಂಚಿಗೆ ಹೋಗಿ ಕೆಳಗೆ ಬಗ್ಗಿದಳು.

"ಅಮ್ಮಾ, ಇಸ್ತ್ರಿ ನಿನ್ನ ಹತ್ರಾನೇ ಇರ್ಲಿ."

ಕೆಳಗೆ ಇಸ್ತ್ರಿಯ ಸದ್ದು ನಿಂತಿತು. ಅಮ್ಮ ಹೊರಗೆ ಬಂದು ತಲೆಯೆತ್ತಿ ಮಗಳನ್ನು ನೋಡುತ್ತಾ ನಿಂತಳು.