ಗುಳಿಗೆಯ ತೇವ

“ಪುಡಿಯ ತೂಕಕ್ಕಿಂತ ಗುಳಿಗೆ ಮೂರು ಮಿಲಿಗ್ರಾಂ ಜಾಸ್ತಿ ತೋರಿಸ್ತಿದೆ ಕಣಮ್ಮ,” ಎಂದ ಗುಳಿಗೆಯಣ್ಣ, ತಕ್ಕಡಿಯಿಂದ ತಲೆ ಎತ್ತದೆ.

ಲೋಹದ ಆಕ್ಸೈಡಿನ ಪುಡಿಯನ್ನು ತೂಗಿ, ಒತ್ತಿ ಗುಳಿಗೆ ಮಾಡಿಕೊಡುವುದು ಪ್ರಯೋಗಾಲಯದಲ್ಲಿ ಅವನ ಕೆಲಸ. ಮೂವತ್ತು ವರ್ಷದಲ್ಲಿ ಅವನ ಕೈ ತಪ್ಪಿದ್ದಿಲ್ಲ. ಅವನು ಮಾಡಿಕೊಟ್ಟ ಗುಳಿಗೆಗೆ ನ್ಯೂಟ್ರಾನುಗಳನ್ನು ಹಾಯಿಸಿ, ಎಷ್ಟು ಅದರಲ್ಲಿ ಸಿಕ್ಕಿಬೀಳುತ್ತವೆ ಎಂದು ಎಣಿಸುವುದು ಸಂಶೋಧಕಿಯ ಕೆಲಸ. ಆ ಲೋಹ ನಕ್ಷತ್ರದ ಒಡಲಲ್ಲಿ ಎಷ್ಟು ಹುಟ್ಟುತ್ತದೆ ಎಂಬುದಕ್ಕೆ ಈ ಎಣಿಕೆಯೇ ಬುನಾದಿ. ಅವಳ ಅಂಕಿ ಹಿಂದಿನವರೆಲ್ಲರ ಅಂಕಿಗಿಂತ ಮೇಲೆ ಬಂದಿತ್ತು. ಆರು ವರ್ಷ ತಲೆ ಚಚ್ಚಿಕೊಂಡ ಮೇಲೆ ಸಿಕ್ಕ ಮೊದಲ ಹೊಸ ಸಂಗತಿ. ನಿನ್ನೆಯಷ್ಟೇ ಗುರುಗಳಿಗೆ ಬರೆದು ಕಳಿಸಿ, ಅಮ್ಮನಿಗೂ ಫೋನು ಮಾಡಿ ಹೇಳಿಕೊಂಡು ಬೀಗಿದ್ದಳು.

“ತೂಗಿದ ಮೇಲೆ ಡಬ್ಬಿ ತೆರೆದಿಟ್ಟಿದ್ರಾ ಅಣ್ಣಾ?”

“ಮಗಳ ಫೋನ್ ಬಂತು, ಹೊರಗೆ ಹೋದೆ. ಅರ್ಧ ಗಂಟೆ ಆಗಿರ್ಬೇಕು. ಬಂದು ಹಾಗೇ ಒತ್ತಿಬಿಟ್ಟೆ.”

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಗಾಳಿಯ ತೇವ ಹೀರುವುದರಲ್ಲಿ ಆ ಪುಡಿ ಎತ್ತಿದ ಕೈ. ನೀರಿಗೆ ಬಡಿದ ನ್ಯೂಟ್ರಾನು ನಿಧಾನವಾಗುತ್ತದೆ. ನಿಧಾನವಾದದ್ದು ಸುಲಭವಾಗಿ ಸಿಕ್ಕಿಬೀಳುತ್ತದೆ. ಹಾಗಾದರೆ ತಾನು ಕಂಡುಹಿಡಿದದ್ದು ಬರೀ ನೀರೇ? ಯಂತ್ರ ಇನ್ನು ನಾಲ್ಕು ಗಂಟೆ ಮಾತ್ರ ಅವಳದು. ಆಮೇಲೆ ಕೈಗೆ ಸಿಗುವುದು ಮುಂದಿನ ವರ್ಷ.

“ನಾನು ಬಾಯಿ ಮುಚ್ಕೊಂಡಿರಬಹುದಿತ್ತು,” ಎಂದ ಅವನು. ಮುಖ ಸಣ್ಣಗಾಗಿತ್ತು.

“ಮುಚ್ಕೊಂಡಿದ್ರೆ ನಿಮಗೆ ಅನ್ನ ಸೇರ್ತಿರ್ಲಿಲ್ಲ. ಈಗ ನನಗೂ ನೋಡದೆ ಇರೋಕಾಗಲ್ಲ. ಒಲೆ ಹಾಕಿ, ಒಣಗಿಸೋಣ.”

ಡಬ್ಬಿಯಿಂದ ಹೊಸದಾಗಿ ತೆಗೆದು ಒಣಗಿಸಿದ ಪುಡಿಯನ್ನು ಮತ್ತೆ ತೂಗಿ, ಒತ್ತಿ, ಗಾಳಿಯಾಡದಂತೆ ಮುಚ್ಚಿ ಯಂತ್ರಕ್ಕಿಟ್ಟರು. ಪರದೆಯ ಮೇಲೆ ಅಂಕಿ ಕೂಡಿಬರತೊಡಗಿತು. ಒಂದು ಗಂಟೆಯೊಳಗೆ ಅವಳ ಹೊಸ ಸಂಗತಿ ಕರಗಿ, ಅಂಕಿ ಪರದೆಯಲ್ಲಿ ಗುರುತಿಸಿದ್ದ ಹಿಂದಿನವರ ಅಂಕಿಯ ಗೆರೆಗೇ ಇಳಿಯಿತು. ಅವಳಿಗೆ ಅಳು ಬಂತು. ಗುಳಿಗೆಯಣ್ಣ ಗೋಡೆ ನೋಡುತ್ತ ನಿಂತ.

ಆದರೆ ಅಂಕಿ ಅಲ್ಲಿ ನಿಲ್ಲಲಿಲ್ಲ. ಇನ್ನೂ ಇಳಿಯಿತು. ಗೆರೆಯಿಂದ ಸಾಕಷ್ಟು ಕೆಳಗೆ ಹೋಗಿ, ಮತ್ತೊಂದು ಗಂಟೆ ಕಳೆದರೂ ಅಲ್ಲೇ ಕೂತಿತು.

“ಅಣ್ಣಾ,” ಅವಳು ಮೂಗೊರೆಸಿಕೊಂಡಳು, “ಹಿಂದಿನವರೆಲ್ಲ ಪುಡಿ ಒಣಗಿಸಿದ್ರಾ? ಇಲ್ಲದಿದ್ರೆ ಅವರ ಅಂಕಿಯಲ್ಲೂ ನೀರು ಸೇರಿದೆ.”

“ಅದನ್ನ ನನ್ನ ಯಾಕೆ ಕೇಳ್ತೀಯ? ಅವರು ಬರೆದಿರ್ತಾರಲ್ಲ, ನೋಡು.”

ಕಪಾಟಿನಿಂದ ಹಳೆಯ ಪ್ರಬಂಧಗಳನ್ನು ಮೇಜಿಗೆ ಸುರಿದಳು. ಅವನು ಕನ್ನಡಕ ಏರಿಸಿ ಪಕ್ಕದಲ್ಲಿ ಕೂತ. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದರು. ಪುಡಿಯ ತೂಕವಿತ್ತು, ಗುಳಿಗೆಯ ಅಳತೆಯಿತ್ತು, ಪುಡಿ ತರಿಸಿದ ಕಡೆಯ ಹೆಸರೂ ಇತ್ತು. ಒಣಗಿಸಿದ ಮಾತು ಒಂದರಲ್ಲೂ ಇರಲಿಲ್ಲ.