ಹದಿನೆಂಟನೆಯ ನಿಮಿಷ

ಊಟವಾಯಿತೇ ಎಂದು ಕೇಳಿದರೂ ಸರಿ, ಮನೆಗೆ ಬೆಂಕಿ ಬಿತ್ತು ಎಂದು ಕೂಗಿದರೂ ಸರಿ, ಗಡಿಯಾರದಣ್ಣ ಮೊದಲು ತನ್ನ ಎಡಗೈಯ ಮಣಿಕಟ್ಟು ನೋಡಿಕೊಂಡು ಆಮೇಲೆಯೇ ಬಾಯಿ ತೆರೆಯುತ್ತಿದ್ದ. ರಿಪೇರಿಯ ವೇಳೆ ಬಲಗಣ್ಣಿಗೆ ಸಿಕ್ಕಿಸಿಕೊಳ್ಳುವ ಕರಿಯ ಭೂತಗನ್ನಡಿ ಕೆಲಸ ಮುಗಿದ ಮೇಲೂ ಅವನ ಹಣೆಯಲ್ಲಿ ಮೊಳೆತ ಕೊಂಬಿನಂತೆ ಕೂತಿರುತ್ತಿತ್ತು. ನಡೆಯುವಾಗ ಎಡಗಾಲನ್ನು ಕೊಂಚ ಎಳೆದು ಹಾಕುತ್ತಿದ್ದುದರಿಂದ ಆ ಕಾಲಿನ ಚಪ್ಪಲಿಯ ಹಿಮ್ಮಡಿ ಬೇಗ ಸವೆದು, ಅದಕ್ಕೊಂದು ಟೈರಿನ ತುಂಡು ಹೊಡೆಸಿಕೊಂಡಿದ್ದ. ಸರ್-ಟಕ್, ಸರ್-ಟಕ್ ಎಂಬ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿತೆಂದರೆ ಅವನ ಹೆಂಡತಿ, "ಬಂತು ನೋಡಿ ನಮ್ಮನೆ ಲೋಲಕ" ಎಂದು ತಟ್ಟೆ ಇಡಲು ಏಳುತ್ತಿದ್ದಳು.

ಬೂದುಬಣ್ಣದ ಒಂದೇ ಕೋಟು. ಅದರ ಎಡಜೇಬಿನಲ್ಲಿ ಚಿಮಟ, ಸೂಜಿಯಷ್ಟು ಸಣ್ಣ ಸ್ಕ್ರೂಡ್ರೈವರು. ಬಲಜೇಬಿನಲ್ಲಿ, ಬರೆದುಕೊಳ್ಳಲೆಂದು ನಾನು ಹೊಲಿದುಕೊಟ್ಟ ಒಂದು ಪುಸ್ತಕ. ಅವನ ಅಂಗಡಿಗೆ ಎದುರಾಗಿ ನನ್ನದು ಪುಸ್ತಕ ಕಟ್ಟುವ ಅಂಗಡಿ. ಇಬ್ಬರೂ ಶಾಲೆಯ ಬಾಗಿಲನ್ನು ಅರ್ಧಕ್ಕೇ ಬಿಟ್ಟು ಬಂದವರು. ಹೊಲಿಗೆಗೆ ಬಂದ ಪುಸ್ತಕಗಳನ್ನೇ ಓದಿ ತಲೆಗೆ ಒಂದಿಷ್ಟು ಬೆಳಕು ಬಿಟ್ಟುಕೊಂಡವರು. ಅವನು ಮದುವೆಯಾದ ಹೊಸತರಲ್ಲಿ, ಬೆನ್ನು ಮುರಿದ ಒಂದು ದಪ್ಪ ಗ್ರಂಥ ನನ್ನಲ್ಲಿಗೆ ಬಂತು. ಮನುಷ್ಯನ ಮನಸ್ಸು ಗರ್ಭದಲ್ಲಿದ್ದಾಗಿನಿಂದ ಹಿಡಿದು ಪ್ರೌಢನಾಗುವವರೆಗೆ ಹೇಗೆ ಬೆಳೆಯುತ್ತದೆ ಎಂಬ ವಿಷಯ. ಗಡಿಯಾರದಣ್ಣ ಹನ್ನೊಂದು ದಿನ ನನ್ನ ಅಂಗಡಿಯಲ್ಲಿ ನಿಂತುಕೊಂಡೇ ಅದನ್ನು ಓದಿದ. ಗ್ರಂಥದ ಒಡೆಯ ತಡವಾಯಿತೆಂದು ನನಗೆ ಚೆನ್ನಾಗಿ ಉಗಿದ. ಅಷ್ಟರಲ್ಲಿ ಇವನ ಹೆಂಡತಿ ಬಸುರಿಯಾಗಿದ್ದಳು.

ಎಂಟನೆಯ ತಿಂಗಳಲ್ಲಿ ಅವನು ಅಲಾರಂ ಗಡಿಯಾರವೊಂದನ್ನು ಹೆಂಡತಿಯ ಹೊಟ್ಟೆಯ ಹತ್ತಿರ ಹಿಡಿದು ಬಾರಿಸಿದ. ಮೊದಲ ಸದ್ದಿಗೆ ಮಗು ಒದೆಯಿತು, ಎರಡನೆಯದಕ್ಕೂ ಒದೆಯಿತು, ಐದನೆಯದಕ್ಕೆ ಸುಮ್ಮನಾಯಿತು. 'ಹುಟ್ಟುವ ಮೊದಲೇ ಮನಸ್ಸು ಅಭ್ಯಾಸ ಮಾಡಿಕೊಳ್ಳುತ್ತದೆ' ಎಂದು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದ.

"ಒಳಗಿರೋದು ರಿಪೇರಿಗೆ ಬಂದಿದ್ದಲ್ಲ ಕಣ್ರೀ, ಮಗು" ಎಂದಳು ಹೆಂಡತಿ.

ಹೆಣ್ಣುಮಗು ಹುಟ್ಟಿತು. ಅದರ ಮನಸ್ಸಿನ ಒಂದೊಂದು ಎಲೆ ಬಿಚ್ಚಿಕೊಂಡದ್ದೂ ಪುಸ್ತಕಕ್ಕೆ ಇಳಿಯಿತು. ಬಟ್ಟೆಯ ಕೆಳಗೆ ಕೀಲಿಕೈ ಮುಚ್ಚಿಟ್ಟರೆ, ಕಾಣದ ವಸ್ತುವೂ ಅಲ್ಲೇ ಇದೆಯೆಂದು ಯಾವ ದಿನ ಹುಡುಕಿತು. ಮೂಗಿಗೆ ಮಸಿ ಹಚ್ಚಿ ಕನ್ನಡಿಯ ಮುಂದೆ ಕೂರಿಸಿದರೆ, ಕನ್ನಡಿಯನ್ನು ಬಿಟ್ಟು ತನ್ನ ಮೂಗನ್ನೇ ಯಾವ ದಿನ ಮುಟ್ಟಿಕೊಂಡಿತು. ಮೊದಲ ಸುಳ್ಳನ್ನು ಯಾವಾಗ ಹೇಳಿತು, ಹೇಳುವಾಗ ಎತ್ತ ನೋಡಿತು. ಮಗಳ ಮೇಲೆ ಅವನಿಗೆ ಪ್ರೀತಿಯಿರಲಿಲ್ಲ ಎನ್ನುವವರ ಬಾಯಲ್ಲಿ ಹುಳ ಬೀಳಲಿ. ಅಷ್ಟು ಎವೆಯಿಕ್ಕದೆ ಯಾವ ತಂದೆಯೂ ಮಗುವನ್ನು ನೋಡಿದ್ದನ್ನು ನಾನು ಕಾಣೆ. ಆದರೆ ಮಗು ಬಿದ್ದಾಗ ಅವನ ಕೈ ಮೊದಲು ಹೋಗುತ್ತಿದ್ದುದು ಬಲಜೇಬಿಗೆ.

"ಅಂಗಡಿ ತುಂಬ ಗಡಿಯಾರಕ್ಕೆ ಕೀ ಕೊಡ್ತೀರಿ, ಇರೋ ಒಂದು ಮಗೂಗೆ ಒಂದು ಮುತ್ತು ಕೊಡೋಕೆ ಪುರುಸೊತ್ತಿಲ್ಲ" ಎಂದು ಹೆಂಡತಿ ನನ್ನೆದುರಿಗೇ ಚುಚ್ಚುತ್ತಿದ್ದಳು. ಆಗ ನಾವಿಬ್ಬರೂ ನಗುತ್ತಿದ್ದೆವು.

ಮಗಳಿಗೆ ಇನ್ನೂ ಐದು ತುಂಬಿರಲಿಲ್ಲ. ಅಷ್ಟು ಸಣ್ಣ ಜೀವ ಒಂದು ಮಾತನ್ನು ಎಷ್ಟು ಹೊತ್ತು ನಂಬಿ ಕೂತೀತು ಎಂದು ನೋಡುವ ಮನಸ್ಸಾಯಿತು ಇವನಿಗೆ. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂರಿಸಿ, "ಐದೇ ನಿಮಿಷ ಪುಟ್ಟಿ, ಬಂದ್ಬಿಟ್ಟೆ" ಎಂದು ಹೇಳಿ, ಬೀದಿ ಬಳಸಿಕೊಂಡು, ಮಗು ಅತ್ತ ತಿರುಗಿದ್ದಾಗ ನನ್ನ ಅಂಗಡಿಗೆ ಬಂದ. ನೆಲದ ತುಂಬ ಕಾಗದ ಹರಡಿಕೊಂಡಿರುವ ನನ್ನಲ್ಲಿಗೆ ಯಾರೇ ಬಂದರೂ ಚಪ್ಪಲಿಯನ್ನು ಹೊರಗೇ ಬಿಡಬೇಕು, ಬಿಟ್ಟು ಬಂದ. ಹಲಗೆ ಬಾಗಿಲ ಸಂದಿನಿಂದ ಇಬ್ಬರೂ ನೋಡುತ್ತ ನಿಂತೆವು. ಮಗು ಮೊದಲು ಕಾಲು ಆಡಿಸಿತು, ಆಮೇಲೆ ಬೆರಳು ಮಡಿಸಿ ಎಣಿಸಿತು, ಅತ್ತಿತ್ತ ಕತ್ತು ತಿರುಗಿಸಿತು. ಹನ್ನೊಂದನೆಯ ನಿಮಿಷಕ್ಕೆ ಅಳು ಒಡೆಯಿತು.

"ಸಾಕು ಹೋಗಯ್ಯಾ" ಎಂದೆ.

"ತಡಿ ಮಾರಾಯ, ಇನ್ನೊಂದೇ ನಿಮಿಷ" ಎಂದ, ಮಣಿಕಟ್ಟು ನೋಡಿಕೊಂಡು.

ಎರಡನೆಯ ಸಲ ನಾನೂ ಹೇಳಲಿಲ್ಲ. ವಿದ್ಯೆಯ ಕೆಲಸವೊಂದು ನಮ್ಮ ಬೀದಿಯಲ್ಲೂ ನಡೆಯುತ್ತಿದೆ ಎಂಬ ಬಿಂಕ ನನಗೂ ಇತ್ತು. ಹದಿನೆಂಟನೆಯ ನಿಮಿಷಕ್ಕೆ ಮಗು ಕತ್ತರಿಸಿದಂತೆ ಅಳು ನಿಲ್ಲಿಸಿತು. ಫ್ರಾಕಿನ ಅಂಚಿನಿಂದ ಮೂಗು ಒರೆಸಿಕೊಂಡು, ಎರಡೂ ಕೈಯನ್ನು ತೊಡೆಯ ಮೇಲೆ ಜೋಡಿಸಿಟ್ಟುಕೊಂಡು, ಮತ್ತೆ ಯಾವ ಕಡೆಗೂ ನೋಡದೆ ಕೂತಿತು. 'ಅಳು ತಾನಾಗಿ ನಿಂತಿತು. ಇಂದು ಮಗುವಿಗೆ ಧೈರ್ಯ ಬಂತು' ಎಂದು ಬರೆದು ನನಗೆ ತೋರಿಸಿದಾಗ ಅವನ ಕಣ್ಣು ಒದ್ದೆಯಾಗಿತ್ತು. ಆ ಸಂಪುಟದ ಚರ್ಮದ ಬೆನ್ನಿಗೆ ಆ ದಿನದ ತಾರೀಖನ್ನು ಬಂಗಾರದ ಅಕ್ಷರದಲ್ಲಿ ಒತ್ತಿಸಿಕೊಂಡ. ಅಚ್ಚು ಕಾಯಿಸಿ ಒತ್ತಿದವನು ನಾನೇ.

ಅಲ್ಲಿಂದ ಮುಂದೆ ಆ ಹುಡುಗಿ ಅತ್ತದ್ದನ್ನು ಯಾರೂ ನೋಡಲಿಲ್ಲ. ಒಂಬತ್ತನೆಯ ವಯಸ್ಸಿಗೆ ಕೈ ಮುರಿದುಕೊಂಡಾಗ ಒಬ್ಬಳೇ ಡಾಕ್ಟರ ಹತ್ತಿರ ನಡೆದುಹೋದಳು. ಹದಿಮೂರಕ್ಕೆ ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದಳು. ಅಪ್ಪ ಹೊರಗೆ ನಿಂತು, ಹಾಕಿದ ಹೊತ್ತು, ತೆಗೆದ ಹೊತ್ತು ಬರೆದುಕೊಂಡ. ಪರೀಕ್ಷೆಯಲ್ಲಿ ಫೇಲಾದದ್ದನ್ನು ಮೂರು ವಾರ ಹೊಟ್ಟೆಯಲ್ಲಿಟ್ಟುಕೊಂಡಳು. ಮದುವೆಯಾಗಿ ಮೊದಲ ಬಸಿರು ಇಳಿದುಹೋದದ್ದು ಹೆತ್ತವರಿಗೆ ತಿಳಿದದ್ದು ಎರಡು ತಿಂಗಳ ಮೇಲೆ, ಅದೂ ಪರರ ಬಾಯಿಂದ. ತಾಯಿ ಸೆರಗು ಕಚ್ಚಿಕೊಂಡು ಅತ್ತಳು. "ನನ್ನ ಮಗಳು ಗಟ್ಟಿಗಿತ್ತಿ" ಎಂದ ಗಡಿಯಾರದಣ್ಣ, ಮಣಿಕಟ್ಟು ನೋಡಿಕೊಂಡು.

ಮತ್ತೆ ಬಸುರಾಗಿ, ಎಂಟು ತುಂಬಿದಾಗ ಅವಳು ತಂದೆಯ ಮನೆಯಲ್ಲಿದ್ದಳು. ಇವನ ಸಂಭ್ರಮ ಕೇಳಬೇಡಿ. ಅದೇ ಹಳೆಯ ಅಲಾರಂ ಗಡಿಯಾರವನ್ನು ಬಿಚ್ಚಿ ಎಣ್ಣೆ ಬಿಟ್ಟ. ನನ್ನಿಂದ ಹೊಸದೊಂದು ಪುಸ್ತಕ ಹೊಲಿಸಿದ. ಕೊಡಲೆಂದು ನಾನು ಹೋದಾಗ ಮಗಳು ಹಳೆಯ ಸಂಪುಟಗಳನ್ನು ಮಡಿಲಲ್ಲಿ ಹರವಿಕೊಂಡು ಓದುತ್ತಿದ್ದಳು. ಇವನು ಗಡಿಯಾರ ಹಿಡಿದು ಮೆಲ್ಲಗೆ ಹತ್ತಿರ ಬಂದ.

"ಅದನ್ನ ಆಕಡೆ ಇಡಪ್ಪ."

"ಒಂದೇ ಒಂದು ಸಲ ಕಣೇ. ಒಳಗೆ ಕೇಳ್ಸತ್ತೋ ಇಲ್ವೋ ಅಂತ."

"ಕೇಳ್ಸತ್ತೆ. ನಂಗೆ ಕೇಳ್ಸಿರ್ಲಿಲ್ವಾ?" ಎಂದು ನಕ್ಕು, ಬಂಗಾರದ ಅಕ್ಷರದ ಸಂಪುಟವನ್ನು ಎತ್ತಿ ಹಿಡಿದಳು. "ಇದ್ರಲ್ಲಿ ಒಂದು ತಪ್ಪು ಬರ್ದಿದ್ದೀಯ."

"ತಪ್ಪಾ? ನನ್ನ ನಿಮಿಷ ತಪ್ಪೋಕೆ ಸಾಧ್ಯಾನೇ ಇಲ್ಲ."

"ನಿಮಿಷ ಸರಿಯಾಗಿದೆ. ಧೈರ್ಯ ಅಂತ ಬರ್ದಿದ್ದೀಯಲ್ಲ, ಅದು ತಪ್ಪು. ಎದುರಿಗೆ ಈ ಮಾವನ ಅಂಗಡಿ ಬಾಗಿಲಲ್ಲಿ ನಿನ್ನ ಚಪ್ಪಲಿ ಕಾಣಿಸ್ತು, ಟೈರು ಹೊಡೆಸಿದ್ದು. ಅಪ್ಪ ಅಲ್ಲೇ ಇದಾನೆ, ನೋಡ್ತಾನೂ ಇದಾನೆ, ಆದ್ರೆ ಬರ್ತಾ ಇಲ್ಲ ಅಂತ ಗೊತ್ತಾಯ್ತು. ಆಮೇಲೆ ಯಾರಿಗೋಸ್ಕರ ಅಳೋದು?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಗಡಿಯಾರದಣ್ಣ ಮಣಿಕಟ್ಟು ನೋಡಿಕೊಳ್ಳಲಿಲ್ಲ. ನನಗೆ ತಿಳಿದಂತೆ ಅದೇ ಮೊದಲು. ಕೈಯಲ್ಲಿದ್ದ ಅಲಾರಂ ಟಿಕ್ ಟಿಕ್ ಅನ್ನುತ್ತಲೇ ಇತ್ತು. ನಾನು ನೆಲ ನೋಡಿದೆ.

"ಸಿಟ್ಟೇನಿಲ್ಲಪ್ಪ" ಎಂದಳು, ಅವನನ್ನೇ ಸಮಾಧಾನ ಮಾಡುವವಳಂತೆ. "ನೋವಾದ್ರೆ ಯಾರನ್ನಾದ್ರೂ ಕರೀಬೇಕು ಅನ್ನೋದೇ ನಂಗೆ ಹೊಳಿಯಲ್ಲ, ಅಷ್ಟೆ. ಇದಕ್ಕೆ ಹಾಗಾಗೋದು ಬೇಡ."

ಮಗು ಹುಟ್ಟಿತು. ಗಡಿಯಾರದಣ್ಣ ಕೈಗಡಿಯಾರ ಬಿಚ್ಚಿ ಅಂಗಡಿಯ ಮೊಳೆಗೆ ನೇತುಹಾಕಿದ. ಮಗು ಮಿಸುಕಿದರೆ ಸಾಕು, ಗಿರಾಕಿಯನ್ನು ಬಿಟ್ಟು ಬರಿಗಾಲಲ್ಲೇ ಓಡುತ್ತಿದ್ದ. "ಸ್ವಲ್ಪ ಅಳ್ಲಿ ಬಿಡಪ್ಪ, ಅದಕ್ಕೂ ಬೇಜಾರು ಕಳೀಬೇಕಲ್ಲ" ಎಂದು ಮಗಳೇ ತಮಾಷೆ ಮಾಡುವಂತಾಯಿತು. ಆದರೆ ಒಂದು ಸಂಜೆ ಅವಳು ಅದೇ ಬೆಂಚಿನ ಮೇಲೆ, ಕೈಗಳನ್ನು ತೊಡೆಯ ಮೇಲೆ ಜೋಡಿಸಿಟ್ಟುಕೊಂಡು ಕೂತಿದ್ದುದನ್ನು ನನ್ನ ಅಂಗಡಿಯಿಂದ ಕಂಡೆ. ಜ್ವರದಲ್ಲಿ ಅವಳ ಮೈ ಕೆಂಡವಾಗಿತ್ತೆಂದು ಮರುದಿನ ತಿಳಿಯಿತು. ಇವನು ಹೊರಗೆ ಬಂದ, ಪಕ್ಕದಲ್ಲಿ ಕೂತ.

"ಏನಾಯ್ತು ಪುಟ್ಟಿ?"

"ಏನಿಲ್ಲಪ್ಪ."

ಅವನು ಏಳಲಿಲ್ಲ. ಇಬ್ಬರ ನಡುವೆ ಒಂದು ಗೇಣು ಜಾಗವಿತ್ತು; ಅದು ಹಾಗೆಯೇ ಉಳಿಯಿತು. ನೋಡುತ್ತ ನಿಂತವನು ಮತ್ತೆ ನಾನೇ ಎಂಬುದು ಹೊಳೆದು ಬಾಗಿಲಿನಿಂದ ಸರಿದೆ.

ಇಂಥವರನ್ನು ಕಲ್ಲೆದೆಯವರೆನ್ನಲು ನನ್ನ ನಾಲಿಗೆ ಏಳುವುದಿಲ್ಲ. ಪ್ರೀತಿಸಿದ್ದನ್ನು ಪೂರ್ತಿ ಅರಿತುಕೊಳ್ಳಬೇಕೆಂಬ ಆಸೆಯಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾರೆ. ಅರಿತು ಮುಗಿದ ಮೇಲೆ ಎತ್ತಿಕೊಂಡರಾಯಿತು ಎಂದುಕೊಳ್ಳುತ್ತಾರೆ. ಅಷ್ಟರಲ್ಲಿ ಮಗು ಎತ್ತಿಕೊಳ್ಳುವ ವಯಸ್ಸು ದಾಟಿರುತ್ತದೆ. ಅವನು ಆ ಸಂಪುಟವನ್ನು ನನ್ನ ಮುಂದೆ ತಂದಿಟ್ಟು, "ಈ ಬಂಗಾರ ತೆಗೆದುಬಿಡು" ಎಂದಿದ್ದಾನೆ. ಕೆರೆದು ನೋಡಿದೆ. ಬಣ್ಣ ಹೋಯಿತು. ಚರ್ಮ ಮೆದುವಾಗಿದ್ದಾಗ ಕಾಯಿಸಿ ಒತ್ತಿದ ಅಚ್ಚು, ಬೆರಳಾಡಿಸಿದರೆ ಈಗಲೂ ತಾರೀಖು ಓದಬಹುದು.