ಹೊಟ್ಟೆ ಹಿಂದಿರುವ ಚೇಂಬರ್

ಸರಪಳಿ ರಾಟೆಗೆ ನೇತುಬಿದ್ದ ಇಂಜಿನ್ ವ್ಯಾನಿನ ಮೂತಿಯೊಳಗೆ ಮೆಲ್ಲಗೆ ಇಳಿದು ಗೇರ್‌ಬಾಕ್ಸಿಗೆ ಮುಖ ಕೊಟ್ಟು ನಿಂತಾಗ ಶೆಡ್ಡಿನಲ್ಲಿದ್ದ ಅಣ್ಣ, ಅತ್ತಿಗೆ, ತಂಗಿ ಮೂವರೂ ಒಟ್ಟಿಗೆ ಉಸಿರು ಬಿಟ್ಟರು. ಅದು ವ್ಯಾನಿನ ಸ್ವಂತ ಇಂಜಿನ್ ಅಲ್ಲ. ಹಿಂದಿನಿಂದ ಲಾರಿ ಗುದ್ದಿ ಬೆನ್ನು ಮುರಿದುಕೊಂಡ ಯಾವುದೋ ಕಾರಿನದು. ವ್ಯಾನಿನ ಹಳೆಯ ಇಂಜಿನ್ ಹೊಗೆ ಉಗುಳಿ ಉಗುಳಿ ಕಳೆದ ವಾರ ನಡುರಸ್ತೆಯಲ್ಲಿ ಕಣ್ಣು ಮುಚ್ಚಿತ್ತು.

"ಹೇಳಿ ಮಾಡಿಸಿದ ಹಾಗೆ ಕೂತ್ಕೋತಾ ಇದೆ ನೋಡೇ!" ಎಂದ ಅಣ್ಣ, ಹೆಂಡತಿಯ ಕಡೆ ತಿರುಗಿ.

ಅವನ ಮಾತು ಮುಗಿಯುವುದಕ್ಕೂ ಕೆಳಗೆ ಟಣ್ ಎನ್ನುವುದಕ್ಕೂ ಸರಿಹೋಯಿತು.

ಅಣ್ಣ ಅಂಗಾತ ಮಲಗಿ ವ್ಯಾನಿನಡಿ ಜಾರಿದ. ಬೂಟುಗಳಷ್ಟೇ ಕಾಣುತ್ತಿದ್ದವು. ಅವು ಸ್ವಲ್ಪ ಹೊತ್ತು ಅಲುಗಾಡಲಿಲ್ಲ.

"ಏನಾಯ್ತು ರೀ?" ಎಂದಳು ಅತ್ತಿಗೆ.

"ಚೇಂಬರ್ ತಗುಲ್ತಾ ಇದೆ. ಇದಕ್ಕೆ ಹೊಟ್ಟೆ ಮುಂದೆ ಬಂದಿದೆ, ನಮ್ಮ ವ್ಯಾನಿಗೆ ಬೀಮ್ ಮುಂದೆ ಇದೆ. ಇಬ್ಬರಿಗೂ ಅದೇ ಜಾಗ ಬೇಕಂತೆ."

ಚೇಂಬರ್ ಎಂದರೆ ಇಂಜಿನ್ನಿನ ಅಡಿಗೆ ಕಟ್ಟಿದ ತಗಡಿನ ತಟ್ಟೆ, ಎಣ್ಣೆ ನಿಲ್ಲುವ ಜಾಗ. ಅದರಲ್ಲಿ ಒಂದು ಕಡೆ ಆಳವಾಗಿ ಹೊಟ್ಟೆಯಂತೆ ಇಳಿದಿರುತ್ತದೆ. ಜಾಲರಿ ಮೂತಿಯ ಪೈಪೊಂದು ಅಲ್ಲಿಂದಲೇ ಎಣ್ಣೆ ಹೀರಿ ಇಂಜಿನ್ನಿಗೆಲ್ಲ ಉಣಿಸುತ್ತದೆ. ಬೀಮ್ ಎಂದರೆ ಎರಡು ಮುಂದಿನ ಚಕ್ರಗಳ ನಡುವೆ ಅಡ್ಡ ಮಲಗಿದ ಕಬ್ಬಿಣ.

"ಸುತ್ತಿಗೆಯಲ್ಲಿ ನಾಲ್ಕು ಬಾರಿಸಿ ಹೊಟ್ಟೆ ಒಳಗೆ ತಳ್ಳಿದ್ರೆ?" ಅಂದಳು ಅತ್ತಿಗೆ.

"ಎಣ್ಣೆ ಎಲ್ಲಿಡ್ತೀಯಾ, ನಿನ್ನ ಟಿಫಿನ್ ಡಬ್ಬಿಯಲ್ಲಾ?"

"ಹಾಗಾದ್ರೆ ಬೀಮ್ ಕೊಯ್ದುಬಿಡಿ. ಚಕ್ರ ಒಂದೊಂದು ದಿಕ್ಕಿಗೆ ಹೋಗ್ಲಿ, ನಾನೂ ಒಂದು ದಿಕ್ಕಿಗೆ ಹೋಗ್ತೀನಿ."

ಅತ್ತಿಗೆ ನಗಿಸಲು ಹೇಳಿದ್ದಳು, ಆದರೆ ಅವಳ ಮುಖದಲ್ಲಿ ನಗು ಇರಲಿಲ್ಲ. ಬೇಕರಿಯ ಬ್ರೆಡ್ಡನ್ನು ಗುಡ್ಡದ ಮೇಲಿನ ಅಂಗಡಿಗಳಿಗೆಲ್ಲ ಮುಟ್ಟಿಸುವುದು ಅವಳ ಕೆಲಸ. ವ್ಯಾನ್ ಕೆಟ್ಟ ಮೇಲೆ ಬೇಕರಿಯವರು ಒಂದು ವಾರ ತಮ್ಮದೇ ಗಾಡಿ ಕೊಟ್ಟಿದ್ದರು. ನಾಳೆ ಬೆಳಿಗ್ಗೆ ಸ್ವಂತ ವ್ಯಾನ್ ತರದಿದ್ದರೆ ಆ ದಾರಿ ಬೇರೆಯವರ ಪಾಲು.

ಮೂರನೆಯವಳು ಸ್ಪ್ಯಾನರ್ ಹಿಡಿದು ಬಾಗಿಲ ಬಳಿ ನಿಂತಿದ್ದಳು. ಅಣ್ಣನ ಒಬ್ಬಳೇ ತಂಗಿ. ಶಾಲೆ ಬಿಟ್ಟಾಗಿನಿಂದ ಶೆಡ್ಡಿನ ಅರ್ಧ ಕೆಲಸ ಅವಳದೇ. ಎಲ್ಲವನ್ನೂ ನೋಡಿ ಏನನ್ನೂ ಆಡದ ಅವಳನ್ನು ಮನೆಯಲ್ಲಿ ಗುಮ್ಮಿ ಎಂದೇ ಕರೆಯುತ್ತಿದ್ದರು.

"ಗುಮ್ಮಿ, ಗುಜರಿಗೆ ನೀನೇ ಹೋಗು" ಎಂದ ಅಣ್ಣ. "ಇದೇ ಇಂಜಿನ್ನನ್ನ ಜೀಪಿಗೂ ಹಾಕ್ತಿದ್ರು. ಅದರ ಚೇಂಬರಿಗೆ ಹೊಟ್ಟೆ ಹಿಂದೆ ಇರುತ್ತೆ. ನೋಡಿ ತಾ. ಮೊದಲು ಇದನ್ನ ಮೇಲೆತ್ತಿ ಬಿಚ್ಚಿಕೊಡ್ತೀನಿ, ಅಳತೆ ತಗೊಂಡು ಹೋಗು. ಆರಿಸೋದು ನಿನ್ನ ಜವಾಬ್ದಾರಿ."

ಗುಮ್ಮಿ ತಲೆಯಾಡಿಸಿದಳು. ಹೋಗುವ ಮೊದಲು ಬ್ರೆಡ್ಡಿನ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ, ಚೇಂಬರ್ ಕಳಚಿದ ಇಂಜಿನ್ನಿನ ಅಡಿಗೆ ಒತ್ತಿ ಹಿಡಿದಳು. ಗ್ರೀಸು ಮೆತ್ತಿದ ಅಂಚು, ಬೋಲ್ಟಿನ ತೂತುಗಳು ಎಲ್ಲ ರಟ್ಟಿನ ಮೇಲೆ ಕಪ್ಪಗೆ ಮೂಡಿದವು. ಅದನ್ನು ಕತ್ತರಿಸಿ ಕಂಕುಳಲ್ಲಿಟ್ಟುಕೊಂಡು ನಡೆದಳು.

ಗುಜರಿ ಮಾವ ಬಾಯಿಬಡುಕ. ಅವನ ಅಂಗಡಿಯಲ್ಲಿ ಸಾಮಾನಿಗಿಂತ ಮಾತೇ ಹೆಚ್ಚು. ಹುಡುಕಿ ಹುಡುಕಿ ಹೊಟ್ಟೆ ಹಿಂದಿರುವ ಎರಡು ಚೇಂಬರ್ ಎಳೆದು ಹಾಕಿದ. ಒಂದು ಅಲ್ಯೂಮಿನಿಯಂನದು, ಬೆಳ್ಳಿ ತಟ್ಟೆಯಂತೆ ಥಳಥಳ.

"ಇದನ್ನ ತಗೋ ತಾಯಿ. ಹೊಸ ಮದುಮಗಳ ಹಾಗಿದೆ!"

ಗುಮ್ಮಿ ರಟ್ಟನ್ನು ಅದರ ಮೇಲಿಟ್ಟಳು. ಮೂಲೆಯ ತೂತುಗಳು ಒಂದಕ್ಕೊಂದು ಮುನಿಸಿಕೊಂಡಂತೆ ಆಚೀಚೆ ನಿಂತವು. ಪಕ್ಕಕ್ಕೆ ಸರಿಸಿದಳು. ಇನ್ನೊಂದು ತಗಡಿನದು, ಬಣ್ಣ ಹೋಗಿತ್ತು. ಆದರೆ ರಟ್ಟಿನ ತೂತುಗಳೆಲ್ಲ ಅದರ ತೂತುಗಳ ಮೇಲೆ ಕೂತವು. ಅದರ ಜಾಲರಿ ಪೈಪೂ ಜೊತೆಗೇ ಇತ್ತು. ತಿರುಗಿಸಿ ನೋಡಿದರೆ ಹೊಟ್ಟೆಯ ತಳದಲ್ಲಿ ಒಂದು ತಗ್ಗು, ಕಲ್ಲಿಗೆ ಬಡಿದದ್ದಿರಬೇಕು. ಅವಳ ಹೆಬ್ಬೆರಳು ಅಲ್ಲೇ ನಿಂತಿತು.

"ಅದು ತಗ್ಗಲ್ಲ ತಾಯಿ, ಕೆನ್ನೆಗುಳಿ!" ಎಂದ ಮಾವ. "ಚೆಂದಕ್ಕೆ ಇರೋದು. ಕಣ್ಣು ಮುಚ್ಚಿ ತಗೊಂಡ್ಹೋಗು."

ಮಾವನ ಮಾತು ನಿಲ್ಲಲಿಲ್ಲ. ಬಾಯಿ ಹಾಕಲು ಸಂದು ಸಿಗದೆ ಗುಮ್ಮಿ ಚೇಂಬರನ್ನು ಎದೆಗವಚಿಕೊಂಡು ಹೊರಟಳು.

ದಾರಿಯುದ್ದಕ್ಕೂ ಅದೇ ಯೋಚನೆ. ಹೊರಗೆ ತಗ್ಗಾಗಿದ್ದು ಒಳಗೆ ಉಬ್ಬಾಗಿರುತ್ತದೆ. ಜಾಲರಿ ಕೂರುವುದೂ ಅಲ್ಲೇ. ಉಬ್ಬು ಜಾಲರಿಯ ಬಾಯಿಗೆ ಒತ್ತಿಕೊಂಡರೆ ಎಣ್ಣೆ ಹೀರುವುದೆಲ್ಲಿಂದ? ಎಣ್ಣೆ ಸಿಗದ ಇಂಜಿನ್ ಗುಡ್ಡದ ತಿರುವಿನಲ್ಲಿ ಹಿಡಿದುಕೊಂಡು ನಿಂತುಬಿಟ್ಟರೆ? ವ್ಯಾನಿನ ತುಂಬ ಬ್ರೆಡ್ಡು, ಸ್ಟಿಯರಿಂಗ್ ಹಿಡಿದು ಅತ್ತಿಗೆ.

ಶೆಡ್ಡಿನಲ್ಲಿ ಅಣ್ಣ ಚೇಂಬರ್ ನೋಡಿ ಶಿಳ್ಳೆ ಹೊಡೆದ. ಎತ್ತಿ ಹಿಡಿದ ಇಂಜಿನ್ನಿಗೆ ಜಾಲರಿ ಪೈಪು ಬಿಗಿದ, ಎಣ್ಣೆ ಸೋರದಂತೆ ಅಂಚಿಗೆ ಗ್ಯಾಸ್ಕೆಟ್ ಗೋಂದು ಹಚ್ಚಿದ, ಚೇಂಬರ್ ಏರಿಸಿದ. ತಗ್ಗನ್ನು ಅವನೂ ಕಂಡ. "ಇಷ್ಟಕ್ಕೆಲ್ಲ ಏನಾಗಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಬೋಲ್ಟು ತಿರುಗಿಸತೊಡಗಿದ. ಗುಮ್ಮಿ ಒಂದೊಂದೇ ಬೋಲ್ಟು ಕೈಗಿಡುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತ್ತು.

ಶೆಡ್ಡಿಗೂ ಅಡುಗೆಮನೆಗೂ ನಡುವೆ ಒಂದೇ ಕಿಟಕಿ. ಆಚೆ ಅತ್ತಿಗೆ ಊಟಕ್ಕೆಂದು ಹಿಟ್ಟು ನಾದುತ್ತಿದ್ದಳು. ಅವಳು ಬೆರಳೂರಿ ಎತ್ತಿದಲ್ಲಿ ಬೆರಳಿನ ಗುರುತು ಹಾಗೇ ಉಳಿಯುತ್ತಿತ್ತು. ಗುಮ್ಮಿ ಅದನ್ನೇ ನೋಡುತ್ತ ನಿಂತಳು.

"ಬೋಲ್ಟ್ ಕೊಡೇ" ಎಂದ ಅಣ್ಣ ಕೆಳಗಿನಿಂದ.

"ಕೊಡಲ್ಲ."

ಬೂಟುಗಳು ನಿಂತುಬಿಟ್ಟವು. "ಯಾರದು ಮಾತಾಡಿದ್ದು?"

"ನಾನೇ. ಚೇಂಬರ್ ಇಳಿಸಣ್ಣಾ. ಆ ತಗ್ಗು ಜಾಲರಿಗೆ ಮುಟ್ಟುತ್ತೋ ಇಲ್ಲವೋ ನೋಡಬೇಕು."

"ಗೋಂದು ಒಣಗ್ತಾ ಇದೆ ಮಾರಾಯ್ತಿ! ಮುಚ್ಚಿದ ಡಬ್ಬಿಯೊಳಗೆ ಹೇಗೆ ನೋಡ್ತೀಯಾ? ನೀನೇ ಒಳಗೆ ಹೋಗಿ ಕೂತ್ಕೋತೀಯಾ?"

"ಹಿಟ್ಟು ಹೋಗುತ್ತೆ" ಎಂದಳು ಗುಮ್ಮಿ. "ಉಬ್ಬಿನ ಮೇಲೆ ಹಿಟ್ಟಿಟ್ಟು ಬಿಗಿಯೋಣ. ಆಮೇಲೆ ಬಿಚ್ಚಿ ನೋಡೋಣ. ಎಷ್ಟು ಜಾಗ ಇದೆಯೋ ಅಷ್ಟು ದಪ್ಪ ಹಿಟ್ಟು ಉಳಿದಿರುತ್ತೆ. ಅತ್ತಿಗೆ ಗುಡ್ಡ ಹತ್ತಬೇಕಲ್ಲಾ."

ಇಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ಆ ಮನೆ ಕೇಳಿರಲಿಲ್ಲ. ಅಣ್ಣ ಏನೋ ಹೇಳುವಷ್ಟರಲ್ಲಿ ಕಿಟಕಿಯಿಂದ ಹಿಟ್ಟಿನ ಉಂಡೆ ಹಿಡಿದ ಕೈಯೊಂದು ಹೊರಬಂತು.

"ತಗೋ ಗುಮ್ಮಿ. ಗಾಡಿ ಓಡಿಸೋಳು ನಾನು. ಇಳಿಸಿ ರೀ."

ಅಣ್ಣ ಗೊಣಗುತ್ತ ಚೇಂಬರ್ ಇಳಿಸಿದ, ಗೋಂದು ಕೆರೆದ. ಗುಮ್ಮಿ ಉಬ್ಬಿಗೂ ಜಾಲರಿಯ ಬಾಯಿಗೂ ಎಣ್ಣೆ ಸವರಿ ಹಿಟ್ಟು ಇಟ್ಟಳು. ಬಿಗಿದು, ಮತ್ತೆ ಬಿಚ್ಚಿದರು. ಅವಳು ಹಿಟ್ಟನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಒಂದು ಬದಿಗೆ ಜಾಲರಿಯ ಕಣ್ಣುಗಳ ಅಚ್ಚು, ಇನ್ನೊಂದು ಬದಿಗೆ ಉಬ್ಬಿನ ಅಚ್ಚು, ನಡುವೆ ಕಿರುಬೆರಳಿನಷ್ಟು ದಪ್ಪ. ಎಣ್ಣೆ ಸಲೀಸಾಗಿ ಓಡಾಡಲು ಬೇಕಾದಷ್ಟು ಜಾಗ.

ಹೋದ ಜೀವ ಬಂದಂತಾಯಿತು ಗುಮ್ಮಿಗೆ. ಅದರ ಬೆನ್ನಿಗೇ ನಾಚಿಕೆಯೂ ಬಂತು.

"ಆಯ್ತಾ ಸಮಾಧಾನ? ವರ್ಷಕ್ಕೊಂದು ಸಲ ಬಾಯಿ ಬಿಡ್ತಾಳೆ, ಬಿಟ್ಟು ಒಂದು ಟ್ಯೂಬ್ ಗೋಂದು ಹಾಳು ಮಾಡ್ತಾಳೆ" ಎಂದ ಅಣ್ಣ.

"ಹಾಳಾದ್ರೆ ಆಗ್ಲಿ" ಎಂದಳು ಅತ್ತಿಗೆ ಕಿಟಕಿಯಲ್ಲೇ. "'ಏನಾಗಲ್ಲ' ಅಂತ ಹೇಳೋದಕ್ಕೂ ಏನಾಗಲ್ಲ ಅಂತ ಗೊತ್ತಿರೋದಕ್ಕೂ ವ್ಯತ್ಯಾಸ ಇದೆ. ನಾಳೆ ಗುಡ್ಡದಲ್ಲಿ ಆ ವ್ಯತ್ಯಾಸದ ಮೇಲೆ ಕೂತಿರೋಳು ನಾನು."

ಒಳಗೆಲ್ಲ ಒರೆಸಿ ತೊಳೆದು, ಹೊಸ ಗೋಂದು ಹಚ್ಚಿ ಚೇಂಬರ್ ಬಿಗಿದಾಯಿತು. ಇಂಜಿನ್ ಮತ್ತೆ ಇಳಿಯಿತು. ಈ ಸಲ ಟಣ್ ಎನ್ನಲಿಲ್ಲ. ಅಣ್ಣ ಬೀಮಿಗೂ ಚೇಂಬರಿಗೂ ನಡುವೆ ಬೆರಳು ತೂರಿಸಿ, "ಬೆರಳು ಹೋಗುತ್ತೆ. ಗೆದ್ದೆವು!" ಎಂದ. ಮಿಕ್ಕ ಹಿಟ್ಟನ್ನು ನೋಡಿ ನಗು ತಡೆಯಲಾಗಲಿಲ್ಲ. "ಬೀಮ್ ಯಾಕೆ ಉಪವಾಸ ಇರಬೇಕು? ಇಲ್ಲೂ ಒಂದಿಷ್ಟು ಮೆತ್ತು ಗುಮ್ಮಿ" ಎಂದು ತಾನೇ ಬೀಮಿನ ಮೇಲೆ ಒಂದು ಉಂಡೆ ಇಟ್ಟ. ಆಮೇಲೆ ಸರಪಳಿ ಸಡಿಲಿಸಿ ತೆಗೆದ. ಅಷ್ಟು ಹೊತ್ತು ಸರಪಳಿಯ ಮೇಲಿದ್ದ ಇಂಜಿನ್ನಿನ ಭಾರವೆಲ್ಲ ಅದನ್ನು ಹೊರುವ ಫೌಂಡೇಶನ್ ರಬ್ಬರುಗಳ ಮೇಲೆ ಬಿತ್ತು.

ಸಲಕರಣೆ ಎತ್ತಿಡುತ್ತಿದ್ದ ಗುಮ್ಮಿ ಬಗ್ಗಿ ನೋಡಿದಳು. ಉಂಡೆ ಎಲ್ಲಿ?

"ಅಣ್ಣಾ, ಹಿಟ್ಟು ನೋಡು."

ಅಣ್ಣ ಟಾರ್ಚು ಹಿಡಿದು ಕೆಳಗೆ ಜಾರಿದ. ಬೂಟುಗಳು ಮತ್ತೆ ಅಲುಗಾಡದೆ ನಿಂತವು. ಭಾರಕ್ಕೆ ರಬ್ಬರು ಕುಗ್ಗಿ ಇಂಜಿನ್ ಕೆಳಗೆ ಕೂತಿತ್ತು. ಹಿಟ್ಟು ಎರಡೂ ಬದಿಗೆ ಹಿಂಡಿ ಬಂದು, ಚೇಂಬರಿಗೂ ಬೀಮಿಗೂ ನಡುವೆ ಕಾಗದ ತೂರುವಷ್ಟೂ ಜಾಗ ಉಳಿದಿರಲಿಲ್ಲ.

ಅವನು ಹೊರಬಂದಾಗ ಮುಖದಲ್ಲಿ ತಮಾಷೆ ಇರಲಿಲ್ಲ. "ಪ್ರತಿ ಗುಂಡಿಗೂ ಬಡೀತಿತ್ತು" ಎಂದ ಮೆಲ್ಲಗೆ. "ಗುಡ್ಡ ಹತ್ತಿ ಇಳಿಯೋದ್ರೊಳಗೆ ತೂತು ಬಿದ್ದು ಎಣ್ಣೆಯೆಲ್ಲ ರಸ್ತೆಗೆ. ನಾನು ಮತ್ತೆ ನೋಡ್ತಾನೇ ಇರ್ಲಿಲ್ಲ."

ಗುಮ್ಮಿ ಆಗಲೇ ಡಬ್ಬಿಯಿಂದ ದಪ್ಪ ವಾಷರುಗಳನ್ನು ಆರಿಸುತ್ತಿದ್ದಳು. ರಬ್ಬರುಗಳ ಅಡಿಗೆ ವಾಷರು ಕೊಟ್ಟು ಇಂಜಿನ್ನನ್ನು ಎತ್ತರಿಸಿ, ಭಾರವನ್ನು ಪೂರ್ತಿ ಬಿಟ್ಟು, ಹೊಸ ಉಂಡೆಯಿಟ್ಟು ನೋಡಿದರು. ಹೆಬ್ಬೆರಳಿನಷ್ಟು ದಪ್ಪ ಉಳಿಯಿತು. ಅಣ್ಣ ಅದನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಹೆಂಡತಿಗೆ ತೋರಿಸಿದ.

ಮಿಕ್ಕದ್ದನ್ನೆಲ್ಲ ಜೋಡಿಸಿ ಎಣ್ಣೆ ತುಂಬುವ ಹೊತ್ತಿಗೆ ಬಾಗಿಲಿನ ಬಿಸಿಲು ಕೆಂಪಾಗಿತ್ತು. ಅತ್ತಿಗೆ ಕೈಯ ಹಿಟ್ಟು ತೊಳೆದು ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಕೀಲಿ ತಿರುಗಿಸಿದಳು. ಇಂಜಿನ್ ಕೆಮ್ಮಿತು, ಸೀನಿತು, ಓಡತೊಡಗಿತು. ಎಣ್ಣೆ ಸಿಗದಿದ್ದರೆ ಉರಿಯುವ ಕೆಂಪು ದೀಪ ಒಂದು ಕ್ಷಣ ದುರುಗುಟ್ಟಿ ನೋಡಿ ಆರಿಹೋಯಿತು. ಮತ್ತೆ ಹತ್ತಲಿಲ್ಲ.

"ಅಬ್ಬಾ!" ಎಂದಳು ಅತ್ತಿಗೆ, ಸ್ಟಿಯರಿಂಗಿನ ಮೇಲೆ ಹಣೆಯೂರಿ. ಆಮೇಲೆ ತಲೆಯೆತ್ತಿ, "ಬಾರೇ ಗುಮ್ಮಿ, ಹತ್ತು. ಗುಡ್ಡದ ಬುಡದವರೆಗೆ ಹೋಗಿ ಬರೋಣ" ಎಂದಳು.

"ನಾನೂ ಬರ್ತೀನಿ ತಡಿ. ಊಟ ಬಂದಮೇಲೆ ಮಾಡಿದ್ರಾಯ್ತು" ಎಂದ ಅಣ್ಣ, ಕೈಯೊರೆಸಿಕೊಳ್ಳುತ್ತ.

"ನಿಮಗೆಲ್ಲಿ ಊಟ? ನಿಮ್ಮ ಪಾಲಿನ ಹಿಟ್ಟು ಬೀಮಿನ ಮೇಲಿದೆ."

ಗುಮ್ಮಿ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯದೆ, ಇಂಜಿನ್ನಿನ ಸದ್ದಿನ ಮೇಲೂ ಕೇಳಿಸುವಷ್ಟು ಜೋರಾಗಿ. ಅತ್ತಿಗೆಯ ಪಕ್ಕ ಹತ್ತಿ ಕೂತು, ಅಣ್ಣನಿಗೆ ಜಾಗ ಬಿಡಲು ಸ್ವಲ್ಪ ಸರಿದಳು.